ಲಂಡನ್ ನೋಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಲಂಡನ್ನಿನಲ್ಲಿ ನೆಲೆಸಿ ಕೆಲವು ವರ್ಷಗಳಾದವು. ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಊರಿನಿಂದ ಫೋನು ಶುರುವಾಗುತ್ತದೆ. ಚಿಕ್ಕಪ್ಪ, ಅತ್ತೆ, ಅಣ್ಣನ ಆಫೀಸಿನವರು, ಅವರ ನೆಂಟರು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅವಕ್ಕೆಲ್ಲ ಇಲ್ಲಿ ಉತ್ತರ ಬರೆದಿಟ್ಟಿದ್ದೇನೆ. ಬಂದವರನ್ನು ಕರೆದುಕೊಂಡು ಸುತ್ತಿ ಸುತ್ತಿ ನನಗೆ ಗೊತ್ತಾದದ್ದು ಇಷ್ಟು: ದಿನಕ್ಕೆ ಟಿಕೆಟ್ ಕೊಟ್ಟು ನೋಡುವ ಜಾಗ ಒಂದೇ ಇರಲಿ. ಉಳಿದ ಹೊತ್ತು ನಡೆಯಿರಿ, ಕೂತುಕೊಳ್ಳಿ, ಬಿಟ್ಟಿ ನೋಡಲು ಸಿಗುವುದನ್ನು ನೋಡಿ. ಈ ಊರಿನ ಅರ್ಧಕ್ಕಿಂತ ಜಾಸ್ತಿ ಚಂದ ಟಿಕೆಟ್ ಇಲ್ಲದ ಕಡೆಯೇ ಇದೆ.

ಎಷ್ಟು ದಿನ ಬೇಕು?

ಐದು ಪೂರ್ತಿ ದಿನ ಇಟ್ಟುಕೊಳ್ಳಿ. ವಿಮಾನ ಇಳಿದ ದಿನವನ್ನು ಇದರಲ್ಲಿ ಸೇರಿಸಬೇಡಿ. ಮೂರೇ ದಿನ ಇದ್ದರೂ ನೋಡಬಹುದು, ಆದರೆ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಸುಸ್ತಾಗುತ್ತದೆ. ಏಳು ದಿನ ಸಿಕ್ಕಿದರೆ ಒಂದು ದಿನ ವಿಂಡ್ಸರ್‌ಗೋ ಆಕ್ಸ್‌ಫರ್ಡಿಗೋ ಹೋಗಿಬರಬಹುದು. ಎರಡೂ ಕಡೆ ರೈಲಿನಲ್ಲಿ ಸುಮಾರು ಒಂದು ಗಂಟೆ.

ಹತ್ತು ದಿನದಲ್ಲಿ ಆರು ದೇಶ ತೋರಿಸುವ ಪ್ಯಾಕೇಜುಗಳಲ್ಲಿ ಲಂಡನ್ನಿಗೆ ಒಂದೂವರೆ ದಿನ ಕೊಡುತ್ತಾರೆ. ಬಸ್ಸಿನ ಕಿಟಕಿಯಿಂದ ಬಿಗ್ ಬೆನ್ ತೋರಿಸಿ ಮುಂದಕ್ಕೆ ಹೊರಡುತ್ತಾರೆ. ನೀವು ಇಷ್ಟು ದುಡ್ಡು ಹಾಕಿ ಬರುತ್ತಿದ್ದೀರಿ, ಹಾಗೆ ನೋಡಿ ಹೋಗಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಮೇ, ಜೂನ್ ಇಲ್ಲವೇ ಸೆಪ್ಟೆಂಬರ್. ನಮ್ಮ ಶಾಲೆಗಳಿಗೆ ಏಪ್ರಿಲ್-ಮೇನಲ್ಲಿ ರಜೆ ಇರುವುದು ಇದಕ್ಕೆ ಸರಿಯಾಗಿ ಹೊಂದುತ್ತದೆ. ಇಲ್ಲಿನ ಮಕ್ಕಳಿಗೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ರಜೆ. ಆಗ ಎಲ್ಲ ಕಡೆ ಜನ, ರೂಮಿನ ಬಾಡಿಗೆಯೂ ಜಾಸ್ತಿ.

ಹಗಲಿನ ಲೆಕ್ಕವನ್ನೂ ನೋಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ. ಊಟ ಮುಗಿಸಿ ನದಿ ದಡಕ್ಕೆ ಹೋದರೂ ಇನ್ನೂ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಕ್ರಿಸ್‌ಮಸ್ ದೀಪಗಳು ಚಂದ, ನಿಜ. ಆದರೆ ಡಿಸೆಂಬರ್ 25ರಂದು ಟ್ಯೂಬ್ (ಇಲ್ಲಿನ ಸುರಂಗ ರೈಲು), ಬಸ್ ಯಾವುದೂ ಓಡುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ. ಆ ದಿನ ಸಿಕ್ಕಿಹಾಕಿಕೊಳ್ಳಬೇಡಿ.

ಮಳೆ ಬಗ್ಗೆ ಹೆದರಿಕೆ ಬೇಡ. ಇಲ್ಲಿಯದು ಹೆಚ್ಚಾಗಿ ಸೋನೆ ಮಳೆ, ಮಲೆನಾಡಿನವರಿಗೆ ಇದು ಮಳೆ ಅಂತಲೇ ಅನ್ನಿಸುವುದಿಲ್ಲ. ಗಾಳಿಗೆ ಛತ್ರಿ ತಿರುಗಿಬೀಳುತ್ತದೆ, ಅದಕ್ಕಿಂತ ಟೋಪಿ ಇರುವ ಜಾಕೆಟ್ ವಾಸಿ.

ನನ್ನ ಹತ್ತಿರ ಷೆಂಗೆನ್ ವೀಸಾ ಇದೆ. ಅದು ಸಾಕಾಗುವುದಿಲ್ಲವಾ?

ಇಲ್ಲ. ಷೆಂಗೆನ್ ಅನ್ನುವುದು ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ, ಬ್ರಿಟನ್ ಅದರಲ್ಲಿ ಇಲ್ಲ. ಬ್ರಿಟನ್ನಿಗೆ ಬೇರೆಯದೇ ವೀಸಾ ಬೇಕು. ಪ್ರವಾಸಕ್ಕೆ ತೆಗೆದುಕೊಳ್ಳುವುದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತದೆ. ಬ್ರಿಟನ್ ಸರ್ಕಾರದ ಜಾಲತಾಣದಲ್ಲೇ ಅರ್ಜಿ ತುಂಬಿ, ದುಡ್ಡು ಕಟ್ಟಿ, ಆಮೇಲೆ ವೀಸಾ ಕೇಂದ್ರಕ್ಕೆ ಹೋಗಿ ಬೆರಳಚ್ಚು, ಫೋಟೋ ಕೊಡಬೇಕು. ಬೆಂಗಳೂರಿನಲ್ಲೇ ಕೇಂದ್ರವಿದೆ. ಹೊರಡುವ ದಿನಕ್ಕೆ ಮೂರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ.

ಇಲ್ಲಿ ನಮ್ಮವರು ಎಡವುವುದು ಒಂದು ಸಣ್ಣ ವಿಷಯಕ್ಕೆ. ಇಂಗ್ಲಿಷಿನಲ್ಲಿ ಇಲ್ಲದ ಕಾಗದಕ್ಕೆಲ್ಲ ಅನುವಾದ ಜೊತೆಗಿರಬೇಕು. ಪಹಣಿ, ಮನೆ ಪತ್ರ, ಬಾಡಿಗೆ ಕರಾರು ಕನ್ನಡದಲ್ಲಿದ್ದರೆ ಅನುವಾದಕರ ಸಹಿ, ದೃಢೀಕರಣ ಇರುವ ಇಂಗ್ಲಿಷ್ ಪ್ರತಿ ಮಾಡಿಸಿ. ನಮ್ಮ ಚಿಕ್ಕಪ್ಪನಿಗೆ ಇದ್ದ ಆದಾಯವೆಲ್ಲ ಅಡಿಕೆ ತೋಟದ್ದು. ಪಹಣಿ ಅನುವಾದ ಮಾಡಿಸಿ, ಅಡಿಕೆ ಮಾರಿದ ಪಟ್ಟಿಗಳನ್ನು ಬ್ಯಾಂಕ್ ಪಾಸ್‌ಪುಸ್ತಕದ ಜಮೆಗೆ ಒಂದೊಂದಾಗಿ ಹೊಂದಿಸಿ ಇಟ್ಟೆವು. ವೀಸಾ ಬಂತು. ಅವರು ನೋಡುವುದು ಮುಖ್ಯವಾಗಿ ಎರಡು: ಖರ್ಚಿಗೆ ದುಡ್ಡು ನಿಮ್ಮದೇನಾ, ನೀವು ವಾಪಸ್ ಹೋಗುತ್ತೀರಾ. ಹೊರಡುವ ಮುಂಚೆ ಖಾತೆಗೆ ದಿಢೀರ್ ಅಂತ ದೊಡ್ಡ ಮೊತ್ತ ಹಾಕಿಸಬೇಡಿ. ಎಲ್ಲಿಂದ ಬಂತು ಅಂತ ತೋರಿಸಲಾಗದಿದ್ದರೆ ಅದೇ ಅನುಮಾನಕ್ಕೆ ಕಾರಣವಾಗುತ್ತದೆ.

ಅಷ್ಟು ದೂರ ಬರುತ್ತೇವೆ, ಪ್ಯಾರಿಸ್ಸೂ ನೋಡಬಹುದಾ?

ನೋಡಬಹುದು. ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಯೂರೋಸ್ಟಾರ್ ರೈಲು ಸಮುದ್ರದ ಕೆಳಗಿನ ಸುರಂಗ ಹಾದು ಸುಮಾರು ಎರಡೂಕಾಲು ಗಂಟೆಯಲ್ಲಿ ಪ್ಯಾರಿಸ್ ಮುಟ್ಟಿಸುತ್ತದೆ. ಆದರೆ ಅದಕ್ಕೆ ಷೆಂಗೆನ್ ವೀಸಾ ಊರಿನಲ್ಲೇ ಮಾಡಿಸಿಕೊಂಡು ಬಂದಿರಬೇಕು. ಟಿಕೆಟ್ ತಿಂಗಳುಗಟ್ಟಲೆ ಮುಂಚೆ ತೆಗೆದರೆ ಅಗ್ಗ. ಬೆಳಿಗ್ಗೆ ಹೋಗಿ ಸಂಜೆ ಬರುವ ಯೋಚನೆ ಮಾತ್ರ ಬೇಡ, ಕನಿಷ್ಠ ಎರಡು ರಾತ್ರಿ ಉಳಿಯಿರಿ.

ಹೀಥ್ರೋದಿಂದ ಊರೊಳಗೆ ಹೇಗೆ ಹೋಗುವುದು?

ಬೆಂಗಳೂರಿನಿಂದ ನೇರ ವಿಮಾನಗಳು ಇಳಿಯುವುದು ಹೀಥ್ರೋದಲ್ಲಿ. ಅಲ್ಲಿಂದ ಮೂರು ರೈಲು. ಪಿಕಾಡಿಲಿ ಲೈನ್ ಟ್ಯೂಬ್ ಎಲ್ಲಕ್ಕಿಂತ ಅಗ್ಗ, ಒಂದು ಗಂಟೆ ಹತ್ತಿರ ಹಿಡಿಯುತ್ತದೆ. 2022ರಲ್ಲಿ ಶುರುವಾದ ಎಲಿಜಬೆತ್ ಲೈನ್‌ಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ದರ, ಆದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಊರ ನಡುವೆ ಇರುತ್ತೀರಿ. ಹೀಥ್ರೋ ಎಕ್ಸ್‌ಪ್ರೆಸ್ ಹದಿನೈದು ನಿಮಿಷದಲ್ಲಿ ಪ್ಯಾಡಿಂಗ್ಟನ್‌ಗೆ ಹೋಗುತ್ತದೆ, ಮೂರರಲ್ಲಿ ಅದೇ ದುಬಾರಿ.

ದೊಡ್ಡ ಸೂಟ್‌ಕೇಸ್ ಇದ್ದರೆ ನಾನು ಎಲಿಜಬೆತ್ ಲೈನ್ ಹತ್ತಿಸುತ್ತೇನೆ. ಡಬ್ಬಿ ಅಗಲ, ಲಿಫ್ಟ್ ಇದೆ, ಕೂರಲು ಜಾಗ ಸಿಗುತ್ತದೆ. ನಾಲ್ಕು ಜನ, ಆರು ಪೆಟ್ಟಿಗೆ ಅಂದರೆ ಮೊದಲೇ ಬುಕ್ ಮಾಡಿದ ಕ್ಯಾಬ್ ನೋಡಿ. ತಲೆಗೆ ಹಂಚಿದರೆ ಅಷ್ಟೇನೂ ವ್ಯತ್ಯಾಸ ಬರುವುದಿಲ್ಲ.

ಎಲ್ಲಿ ಉಳಿದುಕೊಳ್ಳಬೇಕು?

ಊರ ನಡುವೆಯೇ ಇರಬೇಕು ಅಂತ ಹಟ ಬೇಡ. ಸಾರಿಗೆ ಲೆಕ್ಕಕ್ಕೆ ಲಂಡನ್ನನ್ನು ಉಂಗುರಗಳ ಹಾಗೆ ವಲಯಗಳಾಗಿ ಹಂಚಿದ್ದಾರೆ. ಒಂದನೆಯ ವಲಯ ನಡುವಿನದು. ಎರಡು, ಮೂರನೆಯ ವಲಯದಲ್ಲಿ ಟ್ಯೂಬ್ ನಿಲ್ದಾಣಕ್ಕೆ ಐದು-ಹತ್ತು ನಿಮಿಷ ನಡಿಗೆಯಲ್ಲಿ ರೂಮ್ ಹಿಡಿಯಿರಿ. ಅರ್ಲ್ಸ್ ಕೋರ್ಟ್, ಹ್ಯಾಮರ್‌ಸ್ಮಿತ್ ಎರಡೂ ಪಿಕಾಡಿಲಿ ಲೈನ್ ಮೇಲಿವೆ, ಹೀಥ್ರೋದಿಂದ ರೈಲು ಬದಲಿಸದೆ ಬರಬಹುದು. ಪೂರ್ವದ ಕಡೆ ಸ್ಟ್ರ್ಯಾಟ್‌ಫರ್ಡ್ ಅನುಕೂಲ, ಎಲಿಜಬೆತ್ ಲೈನ್ ಅಲ್ಲಿಗೂ ಹೋಗುತ್ತದೆ.

ಬುಕ್ ಮಾಡುವ ಮುಂಚೆ ಎರಡು ಮಾತು ಕೇಳಿಯೇ ಕೇಳಿ: ಲಿಫ್ಟ್ ಇದೆಯಾ, ಸ್ನಾನದ ಮನೆ ರೂಮಿನ ಒಳಗೇ ಇದೆಯಾ. ನೂರು-ನೂರೈವತ್ತು ವರ್ಷದ ಮನೆಗಳನ್ನೇ ಎಷ್ಟೋ ಕಡೆ ಹೋಟೆಲ್ ಮಾಡಿದ್ದಾರೆ. ಮೊದಲ ಸಲ ಅಪ್ಪ-ಅಮ್ಮ ಬಂದಾಗ ನಾನು ಫೋಟೋ ನೋಡಿ ಬುಕ್ ಮಾಡಿದ್ದೆ. ರೂಮು ನಾಲ್ಕನೇ ಮಹಡಿ, ಮೆಟ್ಟಿಲು ಇಬ್ಬರು ಎದುರುಬದುರು ದಾಟಲಾಗದಷ್ಟು ಕಿರಿದು. ಅಮ್ಮ ಪ್ರತಿ ಮಹಡಿಗೂ ಕಂಬಿ ಹಿಡಿದು ನಿಂತು ಉಸಿರು ಬಿಡುತ್ತಿದ್ದದ್ದು ಇವತ್ತಿಗೂ ನೆನಪಾಗುತ್ತದೆ. ಆಮೇಲೆ ಎಂದೂ ಕೇಳದೆ ಬುಕ್ ಮಾಡಿಲ್ಲ.

ಟ್ಯೂಬ್, ಬಸ್ಸಿಗೆ ಪಾಸ್ ಮಾಡಿಸಬೇಕಾ?

ಬೇಡ. ನಿಮ್ಮ ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನೇ ಗೇಟಿನ ಮೇಲಿನ ಹಳದಿ ಬಿಲ್ಲೆಗೆ ಮುಟ್ಟಿಸಿದರೆ ಸಾಕು. ದಿನಕ್ಕೆ ಒಂದು ಮಿತಿ ಇದೆ, ಅದನ್ನು ಮುಟ್ಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಕಳೆಯುವುದಿಲ್ಲ. ಒಂದು, ಎರಡನೆಯ ವಲಯದೊಳಗೆ ಆ ಮಿತಿ ಸುಮಾರು 9 ಪೌಂಡ್. ಭಾರತದ ಕಾರ್ಡ್ ಆದರೆ ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ಎಷ್ಟೋ ಜನ ಗೇಟಿನ ಮುಂದೆ ನಿಂತ ಮೇಲೆ ಇದನ್ನು ನೆನಪು ಮಾಡಿಕೊಳ್ಳುತ್ತಾರೆ. ಕಾರ್ಡ್ ಇಲ್ಲದವರಿಗೆ ನಿಲ್ದಾಣದಲ್ಲಿ ಆಯ್ಸ್ಟರ್ ಕಾರ್ಡ್ ಸಿಗುತ್ತದೆ. ಆ ಕಾರ್ಡಿಗೆ ಕೊಟ್ಟ ದುಡ್ಡು ವಾಪಸ್ ಬರುವುದಿಲ್ಲ.

ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್ ಬೇಕು, ಒಂದರಲ್ಲೇ ಇಬ್ಬರು ಹೋಗಲಾಗದು. ಟ್ಯೂಬಿನಲ್ಲಿ ಗೇಟಿನ ಒಳಗೆ ಹೋಗುವಾಗಲೂ ಮುಟ್ಟಿಸಬೇಕು, ಹೊರಗೆ ಬರುವಾಗಲೂ ಮುಟ್ಟಿಸಬೇಕು. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಮುಟ್ಟಿಸುವುದು ಎರಡೂ ಸಲ ಒಂದೇ ವಸ್ತು ಆಗಿರಲಿ. ಒಮ್ಮೆ ನಾನು ಫೋನ್ ಮುಟ್ಟಿಸಿ ಒಳಗೆ ಹೋದೆ, ಹೊರಗೆ ಬರುವಾಗ ಕೈಗೆ ಸಿಕ್ಕಿದ್ದು ಕಾರ್ಡು. ಎರಡೂ ಒಂದೇ ಖಾತೆಯದು, ಆದರೆ ಯಂತ್ರಕ್ಕೆ ಅವು ಬೇರೆ ಬೇರೆ. ಎರಡು ಅರ್ಧ ಪ್ರಯಾಣ ಅಂತ ಲೆಕ್ಕ ಹಾಕಿ ಎರಡಕ್ಕೂ ಅತಿ ಹೆಚ್ಚಿನ ದರ ಕಳೆಯಿತು.

ಬಸ್ಸನ್ನು ಮರೆಯಬೇಡಿ. ಒಂದು ಸಲ ಹತ್ತಿದರೆ 2 ಪೌಂಡಿನ ಒಳಗೇ, ಒಂದು ಗಂಟೆಯೊಳಗೆ ಇನ್ನೊಂದು ಬಸ್ ಹತ್ತಿದರೆ ಅದಕ್ಕೆ ದುಡ್ಡಿಲ್ಲ. ನಗದು ಮಾತ್ರ ತೆಗೆದುಕೊಳ್ಳುವುದಿಲ್ಲ. ಟ್ರಫಾಲ್ಗರ್ ಚೌಕದ ಹತ್ತಿರ 15ನೇ ನಂಬರಿನ ಬಸ್ ಹತ್ತಿ, ಮೇಲಿನ ಮಹಡಿಯ ಮುಂದಿನ ಸೀಟು ಹಿಡಿಯಿರಿ. ಸೇಂಟ್ ಪಾಲ್ಸ್ ಚರ್ಚ್ ಹಾದು ಟವರ್ ಆಫ್ ಲಂಡನ್ ಕೋಟೆ ತನಕ ಊರು ಎದುರಿಗೇ ಬಿಚ್ಚಿಕೊಳ್ಳುತ್ತದೆ. ಮಕ್ಕಳಿಗೆ ಇದಕ್ಕಿಂತ ಖುಷಿ ಇಲ್ಲ. ಹನ್ನೊಂದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ಜೊತೆ ಟ್ಯೂಬ್, ಬಸ್ ಎರಡೂ ಉಚಿತ.

ಎಸ್ಕಲೇಟರಿನಲ್ಲಿ ಬಲಕ್ಕೆ ನಿಲ್ಲಿ. ಎಡಭಾಗ ಅವಸರದಲ್ಲಿ ನಡೆದು ಹೋಗುವವರದು.

ಅಪ್ಪ-ಅಮ್ಮನಿಗೆ ಮೊಣಕಾಲು ನೋವು. ಕರೆದುಕೊಂಡು ಬರಬಹುದಾ?

ಖಂಡಿತ ಕರೆದುಕೊಂಡು ಬನ್ನಿ. ಟ್ಯೂಬ್ 1863ರಲ್ಲಿ ಶುರುವಾದದ್ದು, ಜಗತ್ತಿನ ಮೊದಲ ಸುರಂಗ ರೈಲು. ಹಳೆಯದಾದ್ದರಿಂದ ಎಷ್ಟೋ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲಿಲ್ಲದ ನಿಲ್ದಾಣಗಳನ್ನು ತೋರಿಸುವ ಬೇರೆ ನಕ್ಷೆಯನ್ನೇ ಸಾರಿಗೆ ಇಲಾಖೆ ಮಾಡಿದೆ, ಅದನ್ನು ಫೋನಿಗೆ ಇಳಿಸಿಕೊಳ್ಳಿ. ಇನ್ನೂ ಸುಲಭ ಅಂದರೆ ಬಸ್. ನೆಲ ತಗ್ಗು, ಹತ್ತಿದ ತಕ್ಷಣ ಹಿರಿಯರಿಗೆ ಸೀಟು. ದೊಡ್ಡ ಮ್ಯೂಸಿಯಂಗಳಲ್ಲಿ ಗಾಲಿಕುರ್ಚಿ ಕೇಳಿದರೆ ಕೊಡುತ್ತಾರೆ. ಕೇಳಲು ಸಂಕೋಚ ಬೇಡ. ನಮ್ಮಪ್ಪ ಮೊದಲು "ನನಗ್ಯಾಕೆ ಅದು" ಅಂದರು. ಎರಡು ಗಂಟೆ ಕೂತು ನೋಡಿದ ಮೇಲೆ "ಇದಿಲ್ಲದಿದ್ದರೆ ಅರ್ಧಕ್ಕೇ ಹೊರಗೆ ಬರುತ್ತಿದ್ದೆ" ಅಂದರು.

ಯಾವುದಕ್ಕೆ ದುಡ್ಡು, ಯಾವುದು ಬಿಟ್ಟಿ?

ಬ್ರಿಟಿಷ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್. ಇವೆಲ್ಲಕ್ಕೂ ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಉದ್ಯಾನಗಳು ಉಚಿತ. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲು ಬದಲಾಗುವುದನ್ನು ನೋಡುವುದೂ ಉಚಿತ. ಅದು ಪ್ರತಿದಿನ ಇರುವುದಿಲ್ಲ, ಹೋಗುವ ಹಿಂದಿನ ದಿನ ದಿನಾಂಕ ನೋಡಿಕೊಳ್ಳಿ.

ದುಡ್ಡು ಕೊಡಬೇಕಾದದ್ದು ಟವರ್ ಆಫ್ ಲಂಡನ್, ವೆಸ್ಟ್‌ಮಿನ್‌ಸ್ಟರ್ ಅಬೆ, ಸೇಂಟ್ ಪಾಲ್ಸ್, ಲಂಡನ್ ಐ ಅನ್ನುವ ದೊಡ್ಡ ತಿರುಗುಚಕ್ರ ಇವಕ್ಕೆ. ಒಬ್ಬರಿಗೆ 25-35 ಪೌಂಡ್ ಸುಮಾರು ಹಿಡಿಯಿರಿ. ನಾಲ್ಕು ಜನರ ಮನೆಗೆ ಇದು ಸಣ್ಣ ಮೊತ್ತವಲ್ಲ. ಅಬೆ ಮತ್ತು ಸೇಂಟ್ ಪಾಲ್ಸ್‌ನಲ್ಲಿ ಸಂಜೆ ಪ್ರಾರ್ಥನೆಗೆ ಯಾರು ಬೇಕಾದರೂ ಬಿಟ್ಟಿ ಹೋಗಿ ಕೂರಬಹುದು. ಅದಕ್ಕೆ ಈವನ್‌ಸಾಂಗ್ ಅನ್ನುತ್ತಾರೆ. ಹುಡುಗರ ದನಿ ಆ ಕಲ್ಲಿನ ಕಮಾನುಗಳಿಗೆ ಏರಿ ನಿಧಾನ ಕರಗುವುದನ್ನು ಕಣ್ಣು ಮುಚ್ಚಿ ಕೇಳಬೇಕು. ಆಗ ಓಡಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಪ್ರಾರ್ಥನೆಗೆ ಬಂದವರ ಹಾಗೆ ಕೂತಿರಬೇಕು.

ಎಲ್ಲ ಸೇರಿದ ಪಾಸ್ ತೆಗೆದುಕೊಂಡರೆ ಲಾಭ ಆಗಬೇಕಾದರೆ ದಿನಕ್ಕೆ ಮೂರು-ನಾಲ್ಕು ಜಾಗ ಓಡಬೇಕು. ನಾನು ಯಾರಿಗೂ ಅದನ್ನು ಹೇಳುವುದಿಲ್ಲ.

ಬ್ರಿಟಿಷ್ ಮ್ಯೂಸಿಯಂ ಬಹಳ ದೊಡ್ಡದಂತೆ. ಎಲ್ಲಿಂದ ಶುರು ಮಾಡುವುದು?

ಪೂರ್ತಿ ನೋಡುವ ಆಸೆ ಬಿಡಿ. ಎರಡು ಗಂಟೆ, ನಾಲ್ಕೈದು ವಸ್ತು. ಮೊದಲು ರೊಸೆಟ್ಟಾ ಕಲ್ಲು. ಕ್ರಿ.ಪೂ. 196ರ ಒಂದು ಶಾಸನವನ್ನು ಅದರಲ್ಲಿ ಮೂರು ಲಿಪಿಯಲ್ಲಿ ಕೆತ್ತಿದ್ದಾರೆ: ಮೇಲೆ ಈಜಿಪ್ಟಿನ ಚಿತ್ರಲಿಪಿ, ನಡುವೆ ಅಲ್ಲಿನ ಜನಬಳಕೆಯ ಡೆಮೋಟಿಕ್, ಕೆಳಗೆ ಗ್ರೀಕ್. ಗ್ರೀಕ್ ಓದಲು ಬರುತ್ತಿದ್ದದ್ದರಿಂದ ಫ್ರಾನ್ಸಿನ ವಿದ್ವಾಂಸ ಷಂಪೋಲಿಯನ್ 1822ರಲ್ಲಿ ಚಿತ್ರಲಿಪಿಯ ಗುಟ್ಟು ಬಿಡಿಸಿದ. ಊರಿನ ದೇವಸ್ಥಾನದ ಮುಂದೆ ನಿಂತ ಶಾಸನ ನೋಡಿ ಬೆಳೆದವರಿಗೆ ಈ ಕಲ್ಲು ಬೇಗ ಹತ್ತಿರವಾಗುತ್ತದೆ. ಗಾಜಿನ ಹತ್ತಿರ ಬಗ್ಗಿ ನೋಡಿ. ಅಕ್ಷರಗಳು ಎಷ್ಟು ಸಣ್ಣವು, ಎಷ್ಟು ಒತ್ತೊತ್ತಾಗಿವೆ ಅಂತ ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ.

ಆಮೇಲೆ ಅಮರಾವತಿ ಸ್ತೂಪದ ಶಿಲ್ಪಗಳು. ಆಂಧ್ರದಿಂದ ತಂದ ಬಿಳಿ ಸುಣ್ಣಕಲ್ಲಿನ ಕೆತ್ತನೆ. ಜನ ಕಡಿಮೆ ಇರುವ ಕೋಣೆ, ನಿಧಾನ ನೋಡಬಹುದು. ಶುಕ್ರವಾರ ರಾತ್ರಿ ಎಂಟೂವರೆ ತನಕ ತೆರೆದಿರುತ್ತದೆ. ಸಂಜೆ ಐದರ ಮೇಲೆ ಹೋದರೆ ನೂಕುನುಗ್ಗಲು ಇರುವುದಿಲ್ಲ.

ಟಿಪ್ಪುವಿನ ಹುಲಿ ಇರುವುದು ಅಲ್ಲೇನಾ?

ಅಲ್ಲ. ಅದು ಸೌತ್ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನದು. ಇದರಲ್ಲಿ ಬಹಳ ಜನ ತಪ್ಪು ಮಾಡಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಹುಡುಕಾಡುತ್ತಾರೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಒಯ್ದದ್ದು. ಮರದ ಹುಲಿ, ಹೆಚ್ಚು ಕಡಿಮೆ ಆರಡಿ ಉದ್ದ, ಮಲಗಿದ ಯುರೋಪಿಯನ್ ಸಿಪಾಯಿಯ ಕತ್ತಿಗೆ ಬಾಯಿ ಹಾಕಿದೆ. ಪಕ್ಕದಲ್ಲಿ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಊದಿ ಸಿಪಾಯಿ ನರಳುವ ಸದ್ದು, ಹುಲಿ ಗುರುಗುಟ್ಟುವ ಸದ್ದು ಬರುತ್ತದೆ, ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಒಳಗೆ ಹಾರ್ಮೋನಿಯಂನ ಹಾಗೆ ಒತ್ತಿ ನುಡಿಸುವ ಮನೆಗಳಿವೆ. ಈಗ ಹಿಡಿ ತಿರುಗಿಸಲು ಬಿಡುವುದಿಲ್ಲ. ಮರ ಹಳೆಯದು, ಜೋಪಾನ ಮಾಡುವುದೇ ಸರಿ.

ಮೈಸೂರು ಸೀಮೆಯಿಂದ ಬಂದವರು ಇದರ ಮುಂದೆ ಸುಮ್ಮನಾಗಿ ನಿಲ್ಲುವುದನ್ನು ನೋಡಿದ್ದೇನೆ. ನನಗೂ ಹಾಗೇ ಆಗಿತ್ತು. ಹುಲಿಯ ಮೈಮೇಲಿನ ಪಟ್ಟೆ ನೋಡಿದ ಕೂಡಲೇ ನಮ್ಮ ಕಡೆಯ ಬಣ್ಣದ ಮರದ ಕೆಲಸ ಅಂತ ಅನ್ನಿಸಿಬಿಡುತ್ತದೆ. ರೊಸೆಟ್ಟಾ ಕಲ್ಲು ನೆಪೋಲಿಯನ್ ಸೈನಿಕರ ಕೈಗೆ ಸಿಕ್ಕಿದ್ದೂ ಅದೇ 1799ರಲ್ಲಿ. ಒಂದೇ ವರ್ಷದ ಎರಡು ಯುದ್ಧಗಳು ಕದಲಿಸಿದ ಎರಡು ವಸ್ತುಗಳು ಇವತ್ತು ಒಂದೇ ಊರಿನ ಎರಡು ಮ್ಯೂಸಿಯಂಗಳಲ್ಲಿವೆ.

ರಿಪೇರಿ, ಹೊಸ ಜೋಡಣೆ ಅಂತ ಕೋಣೆಗಳನ್ನು ಮುಚ್ಚುವುದುಂಟು. ಹುಲಿ ಸದ್ಯ ಎಲ್ಲಿದೆ, ನೋಡಲು ಸಿಗುತ್ತದೆಯಾ ಅಂತ ಮ್ಯೂಸಿಯಂ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ. ನ್ಯಾಚುರಲ್ ಹಿಸ್ಟರಿ, ಸೈನ್ಸ್ ಮ್ಯೂಸಿಯಂ ಎರಡೂ ಪಕ್ಕದಲ್ಲೇ ಇವೆ. ಮಕ್ಕಳಿದ್ದರೆ ಆ ದಿನ ಪೂರ್ತಿ ಅಲ್ಲೇ ಕಳೆಯುತ್ತದೆ.

ಕೊಹಿನೂರ್ ನಿಜವಾಗಲೂ ನೋಡಲು ಸಿಗುತ್ತದಾ?

ಸಿಗುತ್ತದೆ. ಟವರ್ ಆಫ್ ಲಂಡನ್ನಿನ ಜ್ಯುವೆಲ್ ಹೌಸ್‌ನಲ್ಲಿ, 1937ರಲ್ಲಿ ರಾಣಿ ಎಲಿಜಬೆತ್‌ಗೆ, ಅಂದರೆ 2022ರಲ್ಲಿ ತೀರಿಕೊಂಡ ರಾಣಿಯ ತಾಯಿಗೆ ಮಾಡಿಸಿದ ಕಿರೀಟದಲ್ಲಿದೆ. 1849ರಲ್ಲಿ ಪಂಜಾಬನ್ನು ವಶಪಡಿಸಿಕೊಂಡಾಗ ಬಾಲಕ ದುಲೀಪ್ ಸಿಂಗ್‌ನಿಂದ ಒಯ್ದದ್ದು. ಬಂದಾಗ 186 ಕ್ಯಾರಟ್, 1852ರಲ್ಲಿ ಮತ್ತೆ ಕತ್ತರಿಸಿ 105ಕ್ಕೆ ಇಳಿಸಿದರು. ಕಿರೀಟಗಳ ಮುಂದೆ ಚಲಿಸುವ ಬೆಲ್ಟ್ ಮೇಲೆ ನಿಂತು ಸಾಗಬೇಕು. ಫೋಟೋ ತೆಗೆಯುವಂತಿಲ್ಲ. ಒಮ್ಮೆ ಕಣ್ಣು ತುಂಬದಿದ್ದರೆ ಸುತ್ತಿ ಬಂದು ಮತ್ತೆ ನಿಂತುಕೊಳ್ಳಬಹುದು.

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಬೇರೆ ಏನೂ ನೋಡದೆ ನೇರ ಜ್ಯುವೆಲ್ ಹೌಸ್‌ಗೆ ನಡೆಯಿರಿ. ಹನ್ನೊಂದರ ಮೇಲೆ ಸಾಲು ಉದ್ದವಾಗುತ್ತದೆ. ಆಮೇಲೆ ಕೆಂಪು ಅಂಚಿನ ಕಡುನೀಲಿ ಉಡುಪಿನ ಕಾವಲುಗಾರರು ಸುತ್ತಿ ತೋರಿಸುತ್ತಾರೆ, ಟಿಕೆಟ್‌ನಲ್ಲೇ ಅದೂ ಸೇರಿದೆ. ಹೊರಗೆ ಬಂದರೆ ಟವರ್ ಸೇತುವೆ. 1894ರದ್ದು. ಹಡಗು ಬಂದಾಗ ಎರಡು ತೋಳು ಎತ್ತಿದ ಹಾಗೆ ತೆರೆದುಕೊಳ್ಳುತ್ತದೆ. ತೆರೆಯುವ ಸಮಯ ಅವರ ಜಾಲತಾಣದಲ್ಲಿ ಮೊದಲೇ ಹಾಕಿರುತ್ತಾರೆ. ಇದನ್ನೇ ಲಂಡನ್ ಸೇತುವೆ ಅಂದುಕೊಳ್ಳುವವರು ಜಾಸ್ತಿ. ಲಂಡನ್ ಸೇತುವೆ ಇದರ ಪಕ್ಕದ್ದು, ಸಾದಾ ಕಾಂಕ್ರೀಟಿನದು.

ಬಸವಣ್ಣನ ಪ್ರತಿಮೆಗೆ ಹೇಗೆ ಹೋಗುವುದು?

ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ, ಥೇಮ್ಸ್ ದಡದಲ್ಲೇ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ವಾಕ್ಸ್‌ಹಾಲ್ ಟ್ಯೂಬ್ ನಿಲ್ದಾಣದಲ್ಲಿ ಇಳಿದು ನದಿಯನ್ನು ಎಡಕ್ಕೆ ಇಟ್ಟುಕೊಂಡು ಹತ್ತು-ಹದಿನೈದು ನಿಮಿಷ ನಡೆದರೆ ಸಿಗುತ್ತದೆ. ಟಿಕೆಟ್ ಇಲ್ಲ, ಸಾಲು ಇಲ್ಲ.

ನಮ್ಮತ್ತೆ ಬಂದಾಗ ಬ್ಯಾಗಿನಲ್ಲಿ ಊರಿನಿಂದ ಪುಟ್ಟ ವಿಭೂತಿ ಗಟ್ಟಿ ತಂದಿದ್ದರು. ಪ್ರತಿಮೆಯ ಮುಂದೆ ನಿಂತು ಹಣೆಗೆ ಹಚ್ಚಿಕೊಂಡು "ಇವನಾರವ ಇವನಾರವ" ವಚನ ಮೆಲ್ಲಗೆ ಹೇಳಿಕೊಂಡರು. ಓಡುತ್ತಿದ್ದ ಒಬ್ಬ ಹುಡುಗ ನಿಂತು, ಅವರು ಮುಗಿಸುವ ತನಕ ಕಾದು, ಇವರು ಯಾರು ಅಂತ ಕೇಳಿದ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಜಾತಿಯ ಗಂಡಸರು, ಹೆಂಗಸರು ಕೂತು ಮಾತಾಡುತ್ತಿದ್ದರು ಅಂತ ನಾನು ಹೇಳಿದೆ. ಅವನು ನದಿಯಾಚೆಯ ಪಾರ್ಲಿಮೆಂಟ್ ಕಡೆ ಒಮ್ಮೆ ನೋಡಿ ತಲೆದೂಗಿದ. ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಅಲ್ಲಿಂದ ಹಾಗೇ ದಡ ಹಿಡಿದು ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ನಡೆಯಬಹುದು.

ನಡೆದು ನೋಡಲು ಒಂದು ದಾರಿ ಹೇಳಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಟವರ್ ಸೇತುವೆ ತನಕ, ನದಿಯ ದಕ್ಷಿಣ ದಡ. ನಾಲ್ಕು ಕಿಲೋಮೀಟರ್ ಸುಮಾರು. ದಾರಿ ಪೂರ್ತಿ ಸಮತಟ್ಟು, ವಾಹನಗಳ ಕಾಟ ಇಲ್ಲ. ಬಿಗ್ ಬೆನ್ ನೋಡಿಕೊಂಡು ಹೊರಡಿ. ಬಿಗ್ ಬೆನ್ ಅನ್ನುವುದು ಒಳಗಿನ ಗಂಟೆಯ ಹೆಸರು, ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಅನ್ನುತ್ತಾರೆ. ಲಂಡನ್ ಐ ದಾಟಿ, ಹಳೇ ಪುಸ್ತಕದ ಅಂಗಡಿಗಳನ್ನು ದಾಟಿ, ಟೇಟ್ ಮಾಡರ್ನ್ ಹತ್ತಿರ ಬಂದರೆ ಎದುರಿಗೆ ಸೇಂಟ್ ಪಾಲ್ಸ್ ಗುಮ್ಮಟ ಕಾಣುತ್ತದೆ. ನಡುವೆ ಕಾಲುಸೇತುವೆ. ಪಕ್ಕದಲ್ಲೇ ಶೇಕ್ಸ್‌ಪಿಯರನ ಗ್ಲೋಬ್ ನಾಟಕಶಾಲೆ. 1997ರಲ್ಲಿ ಹಳೆಯ ಮಾದರಿಯಲ್ಲೇ ಮರದಲ್ಲಿ ಮತ್ತೆ ಕಟ್ಟಿದ್ದು. ನಿಂತು ನಾಟಕ ನೋಡುವ ಟಿಕೆಟ್ ಬಹಳ ಅಗ್ಗ. ಆಮೇಲೆ ಬರೋ ಮಾರ್ಕೆಟ್, ಊಟಕ್ಕೆ ಅಲ್ಲೇ ನಿಲ್ಲಿ.

ಸೇಂಟ್ ಪಾಲ್ಸ್ ಬಗ್ಗೆ ಒಂದು ಮಾತು. ಗೋಲಗುಮ್ಮಟ ನೋಡಿದವರಿಗೆ ಪಿಸುಗುಟ್ಟುವ ಗ್ಯಾಲರಿ ಹೊಸದಲ್ಲ ಅಲ್ವಾ? ಇಲ್ಲಿಯೂ ಅದೇ ಇದೆ, 257 ಮೆಟ್ಟಿಲು ಹತ್ತಬೇಕು. 1921ರಲ್ಲಿ ಸಿ.ವಿ. ರಾಮನ್ ಲಂಡನ್ನಿಗೆ ಬಂದಾಗ ಇಲ್ಲೇ ಪರೀಕ್ಷೆ ಮಾಡಿ, ಗೋಡೆಗುಂಟ ಸದ್ದು ಹೇಗೆ ಸಾಗುತ್ತದೆ ಅಂತ ಬರೆದಿದ್ದಾರೆ. ಗ್ಯಾಲರಿಯನ್ನು ಆಗಾಗ ಮುಚ್ಚುತ್ತಾರೆ. ಅದಕ್ಕೆಂದೇ ಟಿಕೆಟ್ ತೆಗೆಯುವುದಾದರೆ ಮೊದಲು ವಿಚಾರಿಸಿ.

ಲಂಡನ್ ಐ ಹತ್ತಲೇಬೇಕಾ?

ಮಕ್ಕಳು ಕೇಳಿದರೆ ಹತ್ತಿ. 135 ಮೀಟರ್ ಎತ್ತರ, ಒಂದು ಸುತ್ತಿಗೆ ಅರ್ಧ ಗಂಟೆ. ಬರೀ ಮೇಲಿಂದ ಊರು ನೋಡಬೇಕು ಅಂದರೆ ಎತ್ತರದ ಕಟ್ಟಡವೊಂದರ ತುದಿಯಲ್ಲಿರುವ ಸ್ಕೈ ಗಾರ್ಡನ್‌ಗೆ ಹೋಗಿ, ಅದು ಉಚಿತ. ಕೆಲವು ವಾರ ಮುಂಚೆ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಬೇಕು, ಬೇಗ ಮುಗಿದುಹೋಗುತ್ತದೆ.

ಗ್ರೀನಿಚ್‌ಗೆ ಹೋಗುವುದು ಸಾರ್ಥಕವಾ?

ನನಗಂತೂ ಇಡೀ ಲಂಡನ್ನಿನಲ್ಲಿ ಅದೇ ಇಷ್ಟದ ಜಾಗ. ವೆಸ್ಟ್‌ಮಿನ್‌ಸ್ಟರ್‌ನಿಂದ ದೋಣಿಯಲ್ಲಿ ಹೋಗಿ. ನದಿಯ ಮೇಲಿಂದ ಊರು ನೋಡಿದ ಹಾಗೂ ಆಗುತ್ತದೆ. ಇಳಿದು ಪಾರ್ಕಿನ ಗುಡ್ಡ ಹತ್ತಿದರೆ 1675ರಲ್ಲಿ ಕಟ್ಟಲು ಶುರು ಮಾಡಿದ ವೀಕ್ಷಣಾಲಯ. ಇಲ್ಲಿನ ರೇಖೆಯನ್ನೇ ಸೊನ್ನೆ ರೇಖಾಂಶ ಅಂತ 1884ರಲ್ಲಿ ಹಲವು ದೇಶಗಳು ಸೇರಿ ಒಪ್ಪಿಕೊಂಡವು. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ ಅಂತ ಶಾಲೆಯಲ್ಲಿ ಕಲಿತದ್ದು ಈ ಗೆರೆಯಿಂದ ಎಣಿಸಿ. ಬೇಸಿಗೆಯಲ್ಲಿ ಇಲ್ಲಿನವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಆಗ ಅಂತರ ನಾಲ್ಕೂವರೆ ಗಂಟೆ. ಮನೆಗೆ ಫೋನ್ ಮಾಡುವಾಗ ಇದು ನೆನಪಿರಲಿ.

ವೀಕ್ಷಣಾಲಯದ ಒಳಗೆ ಟಿಕೆಟ್ ಇದೆ. ಗುಡ್ಡದ ಮೇಲೆ ಕೂತು ಊರು ನೋಡಲು ಏನೂ ಬೇಡ. ಬುತ್ತಿ ಕಟ್ಟಿಕೊಂಡು ಹೋಗಿ.

ಸಸ್ಯಾಹಾರಿಗಳಿಗೆ ಊಟಕ್ಕೆ ಕಷ್ಟವಾ?

ಇಲ್ಲವೇ ಇಲ್ಲ. ಬಹುತೇಕ ಹೋಟೆಲಿನ ಮೆನುವಿನಲ್ಲಿ ಸಸ್ಯಾಹಾರ, ವೀಗನ್ (ಹಾಲು, ಮೊಟ್ಟೆಯೂ ಇಲ್ಲದ್ದು) ಅಂತ ಗುರುತು ಇರುತ್ತದೆ. ಮೊಟ್ಟೆ ತಿನ್ನದವರು ಬಾಯಿಬಿಟ್ಟು ಕೇಳಿ, ಇಲ್ಲಿ ಮೊಟ್ಟೆ ಸಸ್ಯಾಹಾರದ ಲೆಕ್ಕದಲ್ಲೇ ಬರುತ್ತದೆ. ವೀಗನ್ ಅಂತ ಇರುವುದನ್ನು ತೆಗೆದುಕೊಂಡರೆ ಯೋಚನೆ ಇಲ್ಲ. ಯೂಸ್ಟನ್ ನಿಲ್ದಾಣದ ಪಕ್ಕದ ಡ್ರಮಂಡ್ ರಸ್ತೆಯಲ್ಲಿ ಭಾರತೀಯ ಊಟದ ಮನೆಗಳು ಸಾಲಾಗಿವೆ, ಬ್ರಿಟಿಷ್ ಮ್ಯೂಸಿಯಂ ನೋಡಿದ ದಿನ ಅಲ್ಲಿಗೆ ಹೋಗಬಹುದು. ದೋಸೆ, ಇಡ್ಲಿಗೆ ಈಸ್ಟ್ ಹ್ಯಾಮ್. ಗುಜರಾತಿ ತಿಂಡಿಗೆ ವೆಂಬ್ಲಿಯ ಈಲಿಂಗ್ ರೋಡ್. ಪಂಜಾಬಿ ಊಟಕ್ಕೆ ಸೌತಾಲ್.

ಮಧ್ಯಾಹ್ನ ಸೂಪರ್‌ಮಾರ್ಕೆಟ್‌ನಲ್ಲಿ ಸ್ಯಾಂಡ್‌ವಿಚ್, ಹಣ್ಣು, ಜ್ಯೂಸ್ ಸೇರಿಸಿ ಒಂದೇ ದರಕ್ಕೆ ಕೊಡುವ ಮೀಲ್ ಡೀಲ್ ತೆಗೆದುಕೊಂಡು ಪಾರ್ಕಿನಲ್ಲಿ ಕೂತು ತಿನ್ನಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಹೋಟೆಲಿನಲ್ಲಿ ಟ್ಯಾಪ್ ವಾಟರ್ ಅಂತಲೇ ಕೇಳಿ, ಇಲ್ಲದಿದ್ದರೆ ಬಾಟಲಿ ತಂದು ಬಿಲ್ ಹಾಕುತ್ತಾರೆ. ಬಿಲ್ಲಿನಲ್ಲಿ ಶೇ. 12.5 ಸೇವಾ ಶುಲ್ಕ ಸೇರಿಸಿದ್ದರೆ ಬೇರೆ ಟಿಪ್ಸ್ ಬೇಡ.

ಊರಿನಿಂದ ತಿಂಡಿ ತರಬಹುದಾ?

ಚಟ್ನಿಪುಡಿ, ಹಪ್ಪಳ, ಚಕ್ಕುಲಿ, ಅವಲಕ್ಕಿ ತನ್ನಿ. ಹಾಲಿನ ಪದಾರ್ಥ, ಮಾಂಸ ಭಾರತದಿಂದ ತರುವಂತಿಲ್ಲ. ಧಾರವಾಡ ಪೇಡ, ಕುಂದಾ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ತರಕಾರಿ, ಕರಿಬೇವಿನಂಥ ಹಸಿ ಸೊಪ್ಪೂ ಬೇಡ. ತಪಾಸಣೆಯಲ್ಲಿ ಸಿಕ್ಕಿದರೆ ಕಸದ ಬುಟ್ಟಿಗೆ ಹಾಕುತ್ತಾರೆ, ಕೈಯಾರೆ ಮಾಡಿದವರಿಗೆ ಹೊಟ್ಟೆ ಉರಿಯುತ್ತದೆ.

ನಗದು ಎಷ್ಟು ತರಬೇಕು?

ನೂರು ಪೌಂಡ್ ಇದ್ದರೆ ಸಾಕು. ನಗದೇ ತೆಗೆದುಕೊಳ್ಳದ ಅಂಗಡಿಗಳು ಎಷ್ಟೋ ಇವೆ. ಕಾರ್ಡ್ ಯಂತ್ರ ರೂಪಾಯಿಯಲ್ಲಾ ಪೌಂಡಿನಲ್ಲಾ ಅಂತ ಕೇಳಿದರೆ ಪೌಂಡ್ ಅನ್ನಿ. ರೂಪಾಯಿ ಒತ್ತಿದರೆ ಅವರದೇ ದರ ಹಾಕಿ ಜಾಸ್ತಿ ಕಳೆಯುತ್ತಾರೆ.

ಶೌಚಾಲಯದಲ್ಲಿ ನೀರು ಇರುತ್ತದಾ?

ಇರುವುದಿಲ್ಲ, ಬರೀ ಕಾಗದ. ಕೇಳಲು ನಾಚಿಕೊಂಡು ಆಮೇಲೆ ಕಷ್ಟಪಡುವವರು ಜಾಸ್ತಿ. ಅರ್ಧ ಲೀಟರಿನ ಖಾಲಿ ಬಾಟಲಿ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಕೈತೊಳೆಯುವ ನಲ್ಲಿಯಲ್ಲಿ ತುಂಬಿಸಿಕೊಂಡು ಒಳಗೆ ಹೋಗಿ. ಮ್ಯೂಸಿಯಂ, ದೊಡ್ಡ ರೈಲು ನಿಲ್ದಾಣಗಳಲ್ಲಿ ಶೌಚಾಲಯ ಉಚಿತ. ಟ್ಯೂಬ್ ನಿಲ್ದಾಣಗಳಲ್ಲಿ ಎಲ್ಲ ಕಡೆ ಇರುವುದಿಲ್ಲ, ಆದ್ದರಿಂದ ಮ್ಯೂಸಿಯಂ ಬಿಡುವ ಮುಂಚೆಯೇ ಮುಗಿಸಿಕೊಳ್ಳಿ.

ಕಳ್ಳರ ಕಾಟ ಇದೆಯಾ?

ಫೋನ್ ಕಳ್ಳರದು ಇದೆ. ಫುಟ್‌ಪಾತಿನ ಅಂಚಿನಲ್ಲಿ ನಿಂತು ನಕ್ಷೆ ನೋಡುತ್ತಿರುವಾಗ ಸೈಕಲ್ಲಿನಲ್ಲಿ ಬಂದು ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ದಾರಿ ನೋಡಬೇಕಾದರೆ ಗೋಡೆ ಕಡೆ ಸರಿದು, ರಸ್ತೆಗೆ ಬೆನ್ನು ಹಾಕದೆ ನಿಲ್ಲಿ. ಪಾಸ್‌ಪೋರ್ಟ್ ರೂಮಿನಲ್ಲೇ ಭದ್ರವಾಗಿರಲಿ, ಅದರ ಫೋಟೋ ಮಾತ್ರ ಫೋನಿನಲ್ಲೂ ಈ-ಮೇಲ್‌ನಲ್ಲೂ ಇಟ್ಟುಕೊಳ್ಳಿ. ತುರ್ತಿಗೆ 999.

ಚಾರ್ಜರ್ ಹೊಂದುತ್ತದಾ?

ಇಲ್ಲ. ಇಲ್ಲಿಯದು ಮೂರು ಚಪ್ಪಟೆ ಕಡ್ಡಿಯ ಪ್ಲಗ್. ಅಡಾಪ್ಟರ್ ಊರಿನಲ್ಲೇ ಕೊಳ್ಳಿ, ಇಲ್ಲಿ ದುಬಾರಿ. ವೋಲ್ಟೇಜ್ ನಮ್ಮದೇ, 230.

ಶಾಪಿಂಗ್ ಮಾಡಿದರೆ ತೆರಿಗೆ ವಾಪಸ್ ಸಿಗುತ್ತದಂತೆ?

ಮೊದಲು ಸಿಗುತ್ತಿತ್ತು. 2021ರಿಂದ ಲಂಡನ್ನಿನಲ್ಲಿ ಕೊಂಡು ಜೊತೆಗೆ ಒಯ್ಯುವ ಸಾಮಾನಿಗೆ ಪ್ರವಾಸಿಗರಿಗೆ ಆ ಸೌಲಭ್ಯ ನಿಲ್ಲಿಸಿದ್ದಾರೆ. ಪ್ಯಾರಿಸ್ಸಿಗೆ ಹೋಗುವವರು ದೊಡ್ಡ ಖರೀದಿ ಅಲ್ಲಿಗೇ ಇಟ್ಟುಕೊಳ್ಳಿ. ಇಲ್ಲಿಂದ ನೆಂಟರಿಷ್ಟರಿಗೆ ಒಯ್ಯಲು ಸೂಪರ್‌ಮಾರ್ಕೆಟ್‌ನ ಶಾರ್ಟ್‌ಬ್ರೆಡ್ ಬಿಸ್ಕತ್ತಿನ ಪೊಟ್ಟಣ, ಟೀ ಡಬ್ಬಿ ಸಾಕು. ಏರ್‌ಪೋರ್ಟಿನಲ್ಲಿ ಅದಕ್ಕೇ ಜಾಸ್ತಿ ಕೊಡಬೇಕಾಗುತ್ತದೆ, ಹಿಂದಿನ ದಿನವೇ ತಂದಿಟ್ಟುಕೊಳ್ಳಿ.